ಹೂಂಗುಟ್ಟುವವರು

ಫುಕುವೋಕಾದ ವಿಶ್ವವಿದ್ಯಾಲಯವೊಂದು ನನಗೆ ಸಂಬಳ ಕೊಡುವುದು ಬೇರೆಯವರ ಮಾತು ಕೇಳಲಿಕ್ಕೆ. ಮೆಕ್ಸಿಕೋದ ಮೂಲನಿವಾಸಿಗಳು ಆಡುವ ನಾವಾತ್ಲ್ ಭಾಷೆ ಒಂದೊಂದು ಸೀಮೆಯಲ್ಲಿ ಒಂದೊಂದು ರೀತಿ. ಅದು ಎಲ್ಲಿ ಹೇಗೆ ಬೇರೆಯಾಗುತ್ತದೆ ಎಂಬುದು ನಮ್ಮ ಪ್ರೊಫೆಸರರ ಸಂಶೋಧನೆ. ಧ್ವನಿಮುದ್ರಣಗಳನ್ನು ಕಿವಿಗೆ ಹಾಕಿಕೊಂಡು, ಎಲ್ಲಿ ಉಸಿರು ನಿಂತಿತು, ಎಲ್ಲಿ ಸ್ವರ ಎಳೆಯಿತು ಎಂದು ಗುರುತು ಹಾಕುತ್ತಾ ಕೂರುವುದು ನನ್ನ ಪಾಲು. ಟೊಮ್ಯಾಟೊ ಎಂಬ ಹೆಸರೇ ಆ ಭಾಷೆಯಿಂದ ಬಂದದ್ದು ಎಂದು ಒಮ್ಮೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದರೆ ಅವ್ವ, "ಅದಕ್ಕ ಅಷ್ಟ್ ದೂರ ಹೋಗಬೇಕಾತೇನ? ಟೊಮ್ಯಾಟಿ ಇಲ್ಲೂ ಸಿಗತಾವ" ಎಂದಿದ್ದಳು.

ನಾನು ಗದಗ ಕಡೆಯವಳು. ಈ ಊರಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು, ಎಲ್ಲರೂ ಬೆಂಗಳೂರು, ಮೈಸೂರಿನಿಂದ ಬಂದ ಸಾಫ್ಟ್‌ವೇರಿನವರು. ಬಂದ ಹೊಸದರಲ್ಲಿ ಯುಗಾದಿಗೆ ಒಬ್ಬರು ಊಟಕ್ಕೆ ಕರೆದಿದ್ದರು. ಕನ್ನಡ ಕಿವಿಗೆ ಬಿದ್ದ ಖುಷಿಗೆ ನಾನು ಮನಸ್ಸು ಬಿಚ್ಚಿ ಮಾತಾಡಿದೆ. "ಅಯ್ಯೋ, ನಿಮ್ ಕನ್ನಡ ಎಷ್ಟ್ ಕ್ಯೂಟಾಗಿದೆ! ಇನ್ನೊಂದ್ ಸಲ ಹೇಳಿ, ವಿಡಿಯೋ ಮಾಡ್ಕೋತೀನಿ" ಎಂದರು ಆ ಮನೆಯಾಕೆ. ಅವರದು ಕೆಟ್ಟ ಮನಸ್ಸಲ್ಲ, ಹೋಳಿಗೆಯನ್ನೂ ಕಟ್ಟಿ ಕೊಟ್ಟರು. ಆದರೆ ಅಂದಿನಿಂದ ಅವರ ಮನೆಗೆ ಹೋದಾಗ ನಾನು ಪಠ್ಯಪುಸ್ತಕದ ಕನ್ನಡ ಆಡುತ್ತೇನೆ, ಅದೂ ಸ್ವಲ್ಪವೇ. ಉಳಿದ ದಿನ ಜಪಾನಿ, ಇಂಗ್ಲಿಷು, ಕೊಂಬಿನಿ ಅಂಗಡಿಯಲ್ಲಿ ಥ್ಯಾಂಕ್ಸಿಗೆ ಒಂದು ಅರಿಗಾತೋ.

ಪ್ರೊಫೆಸರರ ಕಣ್ಣಿಗೆ ನಾವಾತ್ಲ್ ಆಡುವ ಹೆಂಗಸೊಬ್ಬಳು ನಮ್ಮ ಕ್ಯಾಂಪಸ್ಸಿನಲ್ಲೇ ಸಿಕ್ಕಾಗ ಅವರು ನಿಧಿ ಸಿಕ್ಕವರ ಹಾಗೆ ಆಡಿದರು. ಆಕೆ ಹುವಾಸ್ತೆಕಾ ಎಂಬ ಸೀಮೆಯವಳು, ಇಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಆ ಚಳಿಗಾಲ ಊರಲ್ಲಿ ಆಕೆಯ ಅಜ್ಜಿ ತೀರಿಕೊಂಡಿದ್ದಳು. ಗೋವಿನಜೋಳದ ತೆನೆ ಬಿಡಿಸುತ್ತಾ ಅಜ್ಜಿ ಹೇಳುತ್ತಿದ್ದ ಕಥೆಯೊಂದು ಈಗ ಈಕೆಯೊಬ್ಬಳ ತಲೆಯಲ್ಲಿ ಮಾತ್ರ ಉಳಿದಿತ್ತು. ಚೆಲ್ಲಿದ ಕಾಳನ್ನು ಹೆಕ್ಕದ ಮನೆಯಿಂದ ಜೋಳ ಅಳುತ್ತಾ ಎದ್ದು ಹೋಗುವ ಕಥೆ. ತನ್ನ ಅಣ್ಣನ ಮಗಳು ಸ್ಪ್ಯಾನಿಷ್ ಶಾಲೆಗೆ ಸೇರಿದ್ದಾಳೆ, ಅವಳಿಗಾದರೂ ಇದು ಉಳಿಯಲಿ, ತಾನು ಊರಿಗೆ ಮರಳುವ ಮೊದಲು ಧ್ವನಿ ಮುದ್ರಿಸಿ ಕೊಡಿ ಎಂದು ಆಕೆಯೇ ಕೇಳಿದಳು.

ಸ್ಟುಡಿಯೋದಲ್ಲಿ ಮೈಕಿನ ಮುಂದೆ ಕೂತಳು. ಒಂದು ವಾಕ್ಯ ಹೇಳಿದಳು, ನಿಂತಳು. ಗಾಜಿನಾಚೆ ನಾವು ಉಸಿರು ಬಿಗಿಹಿಡಿದು ಕಾದೆವು. ಒಳಗೆ ಎರಡನೆಯ ಸದ್ದು ಕೇಳಕೂಡದು ಎಂಬುದು ಈ ಕೆಲಸದ ಮೊದಲ ನಿಯಮ. ಆಕೆ ಮತ್ತೆ ಅದೇ ವಾಕ್ಯ ಹೇಳಿದಳು, ಮತ್ತೆ ನಿಂತಳು. ಕೊನೆಗೆ ಹೊರಗೆ ಬಂದು ಜಪಾನಿಯಲ್ಲಿ ಕ್ಷಮೆ ಕೇಳಿ, "ಸುಮಿಮಾಸೆನ್. ನಾನು ನಿಂತಾಗ ಯಾರಾದರೂ ಕೇನಾ ಅನ್ನಬೇಕು. ಅನ್ನದಿದ್ದರೆ ಅಜ್ಜಿ ಮುಂದೆ ಹೇಳುತ್ತಲೇ ಇರಲಿಲ್ಲ. ನನಗೂ ಮುಂದಿನದು ಬರುತ್ತಿಲ್ಲ" ಎಂದಳು. ಕೇನಾ ಎಂದರೆ ಅವರ ಸೀಮೆಯಲ್ಲಿ ಹೌದು ಎಂದರ್ಥ.

ಫೋನಿನಲ್ಲಿ ಮಾತಿಗೊಮ್ಮೆ ಹೌದು ಹೌದು ಎಂಬ ಅರ್ಥದ 'ಹಾಯ್, ಹಾಯ್' ಎಂದು ತಲೆಯಾಡಿಸುವ ಪ್ರೊಫೆಸರರಿಗೆ ಇದು ಅರ್ಥವಾಗಬೇಕಿತ್ತು. ಅವರು ಅರ್ಥ ಮಾಡಿಕೊಂಡದ್ದು ಬೇರೆ. "ನಾವಾತ್ಲ್ ಬಲ್ಲ ಕೇಳುಗ ಬೇಕು, ಅಷ್ಟೇ ತಾನೇ?" ಎಂದು ಹಮಾಮತ್ಸುವಿನ ವಾಹನ ಕಾರ್ಖಾನೆಯಲ್ಲಿದ್ದ ಮೆಕ್ಸಿಕೋದ ಎಂಜಿನಿಯರ್ ಒಬ್ಬನನ್ನು ಹುಡುಕಿ, ಮುಂದಿನ ವಾರ ಕಂಪ್ಯೂಟರಿನ ಪರದೆ ಮೇಲೆ ಕೂರಿಸಿಯೇಬಿಟ್ಟರು. ಅವನು ಪ್ಯೂಬ್ಲಾದ ಬೆಟ್ಟದ ಕಡೆಯವನು. ಅವನ ನಾವಾತ್ಲಿನ ಹೌದು ಬೇರೆ, ನೀರು ಬೇರೆ, ದೊಡ್ಡವರನ್ನು ಮಾತಾಡಿಸುವ ಮರ್ಯಾದೆಯ ರೀತಿಯೇ ಬೇರೆ. ಇಬ್ಬರೂ ಸಂಕೋಚದಿಂದ ನಕ್ಕರು. ಅರ್ಧ ತಿಳಿಯಿತು, ಅರ್ಧ ಊಹೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಸ್ಪ್ಯಾನಿಷಿಗೆ ಹೊರಳಿ ಹಮಾಮತ್ಸುವಿನ ಚಳಿಯ ವಿಚಾರ ಮಾತಾಡತೊಡಗಿದರು.

"ಒಳ್ಳೆಯ ಮನುಷ್ಯ, ಆದರೆ ನೆಂಟರ ಮನೆಗೆ ಬಂದವನ ಹಾಗೆ ಕೇಳುತ್ತಾನೆ" ಎಂದಳು ಆಕೆ, ಆಮೇಲೆ ನನ್ನ ಜೊತೆ ಕ್ಯಾಂಟೀನಿನಲ್ಲಿ ಉದೋನ್ ನೂಡಲ್ಸ್ ತಿನ್ನುವಾಗ. ನನಗೆ ಯುಗಾದಿಯ ಊಟ ನೆನಪಾಯಿತು. ಒಂದೇ ಹೆಸರಿನ ಭಾಷೆಯೊಳಗೂ ಒಬ್ಬಂಟಿಯಾಗಬಹುದು ಎಂದು ನಾನು ಯಾರಿಗೂ ಹೇಳಿಕೊಂಡಿರಲಿಲ್ಲ, ಆಕೆಗೂ ಹೇಳಲಿಲ್ಲ.

ಆಕೆ ಹೊರಡುವ ಮೊದಲು ಸ್ಟುಡಿಯೋ ಸಿಗುವುದು ಇನ್ನೊಂದೇ ದಿನ ಎಂದಾಯಿತು. "ನೀನು ಒಳಗೆ ಬಂದು ಕೂತಿರು, ಮಾತಾಡಬೇಡ. ಖಾಲಿ ಗೋಡೆಗೆ ಹೇಳುವುದಕ್ಕಿಂತ ವಾಸಿ" ಎಂದಳು. ಕೂತೆ. ಆಕೆ ಮೊದಲ ವಾಕ್ಯ ಹೇಳಿದಳು, ನಿಂತಳು.

"ಹೂಂ" ಎಂದೆ.

ಬೇಕೆಂದು ಅಂದದ್ದಲ್ಲ, ಬಾಯಿ ತಾನೇ ಅಂದಿತು. ನಮ್ಮಲ್ಲೂ ಕಥೆ ಕೇಳಲು ಕೂತ ಮಕ್ಕಳು ಹೂಂಗುಟ್ಟಬೇಕು. ಹೂಂ ನಿಂತರೆ ನಮ್ಮಜ್ಜಿ, "ಮಕ್ಕೊಂಡ್ಯಾ? ನಾನೇನ್ ಗ್ವಾಡಿಗೆ ಹೇಳಲೇನ?" ಎಂದು ಚಿವುಟುತ್ತಿದ್ದಳು. ವರ್ಷಗಟ್ಟಲೆ ಹೂಂಗುಟ್ಟಿ ಬೆಳೆದ ಗಂಟಲಿಗೆ ಸ್ಟುಡಿಯೋದ ನಿಯಮ ಏನು ಗೊತ್ತು? ಮುದ್ರಣ ಕೆಟ್ಟಿತು ಎಂದು ನಾಲಿಗೆ ಕಚ್ಚಿಕೊಂಡೆ. ಸುಮಿಮಾಸೆನ್ ಎನ್ನುವಷ್ಟರಲ್ಲಿ ಆಕೆ ಎರಡನೆಯ ವಾಕ್ಯಕ್ಕೆ ಹೋಗಿದ್ದಳು. ನಿಂತು ನನ್ನ ಮುಖ ನೋಡಿದಳು. ಮತ್ತೆ ಹೂಂ ಎಂದೆ. ಆಮೇಲೆ ಕಥೆ ಹಳ್ಳದ ನೀರಿನ ಹಾಗೆ ಬಂತು. ನನಗೆ ಎಲ್ಲ ಮಾತೂ ಅರ್ಥವಾಗಲಿಲ್ಲ. ಆದರೆ ದನಿ ಎಲ್ಲಿ ಕೈಚಾಚಿ ಕಾಯುತ್ತದೆ ಎಂದು ಗೊತ್ತಾಗುತ್ತಿತ್ತು. ಜೋಳ ಹೊಸ್ತಿಲು ದಾಟುವಾಗ ಆಕೆ ಅತ್ತಳು. ನಾನು ಸಣ್ಣಗೆ ಹೂಂ ಎಂದೆ. ಜೋಳ ಮರಳಿ ಬಂತು, ಕಥೆ ಮುಗಿಯಿತು.

"ಈಗ ನಿನ್ನದು ಹೇಳು. ನಾನು ಕೇನಾ ಅನ್ನುತ್ತೇನೆ" ಎಂದಳು ಕಣ್ಣೊರೆಸಿಕೊಂಡು. ಅಷ್ಟರಲ್ಲಿ ಪ್ರೊಫೆಸರರು ಗಾಜು ತಟ್ಟಿದರು, ಮುಂದಿನವರು ಬಾಗಿಲಲ್ಲಿ ಕಾಯುತ್ತಿದ್ದರು. ಇನ್ನೊಂದು ದಿನ ಹೇಳುತ್ತೇನೆ ಎಂದೆ. ಆ ದಿನ ಬರಲೇ ಇಲ್ಲ. ಸಕುರಾ ಹೂ ಅರಳುವ ಮೊದಲೇ ಆಕೆ ಹೋದಳು.

ಪ್ರೊಫೆಸರರ ಪಾಲಿಗೆ ನನ್ನ ಹೂಂ ಬರೀ ಸದ್ದು. ಅದನ್ನು ಕತ್ತರಿಸಿ ತೆಗೆದ ಪ್ರತಿ ವಿಭಾಗದ ಸಂಗ್ರಹಕ್ಕೆ ಹೋಯಿತು. ಹೂಂ ಸೇರಿದ್ದ ಕೆಟ್ಟ ಪ್ರತಿಯೇ ಸಾಕೆಂದು ಆಕೆ ಅದನ್ನು ಒಯ್ದಿದ್ದಳು. ಉದೋನ್ ತಿನ್ನಲು ನಾನು ಮತ್ತೆ ಒಬ್ಬಳೇ ಆದೆ. ಆಕೆ ಕೂರುತ್ತಿದ್ದ ಕುರ್ಚಿಯ ಮೇಲೆ ಬ್ಯಾಗು ಇಡುತ್ತೇನೆ, ಯಾರಿಗೋ ಜಾಗ ಹಿಡಿದಿದ್ದೇನೆ ಎಂದು ಜನ ತಿಳಿಯಲಿ ಅಂತ.

ಮೊನ್ನೆ ಭಾನುವಾರ ಮಧ್ಯಾಹ್ನ ಆಕೆಯಿಂದ ಫೋನಿಗೊಂದು ಧ್ವನಿಸಂದೇಶ ಬಂತು. ಊರಲ್ಲಿ ಕೂತು ಅದೇ ಕಥೆಯನ್ನು ಅಣ್ಣನ ಮಗಳಿಗೆ ಹೇಳುತ್ತಿದ್ದಾಳೆ. ಹಿಂದೆ ಕೋಳಿ ಕೂಗುತ್ತಿದೆ. ಆಕೆ ಮೊದಲ ವಾಕ್ಯ ಹೇಳಿ ನಿಂತಳು. ಕೇನಾ ಬರುತ್ತದೆಂದು ನಾನು ಕಾದೆ.

"ಹೂಂ" ಎಂದಿತು ಮಗು.

ಅದು ನಮ್ಮಜ್ಜಿ ಕಲಿಸಿದ ಹೂಂ. ಅದೇ ಎಳೆತ. ಕೊನೆಯಲ್ಲಿ ಆಕೆ ನಗುತ್ತಾ ಜಪಾನಿಯಲ್ಲಿ ಹೇಳಿದ್ದಳು: "ನಿನ್ನ ಮುದ್ರಣ ಕೇಳಿ ಕೇಳಿ ಕಲಿತುಬಿಟ್ಟಿದ್ದಾಳೆ. ಕಥೆಗೆ ಹಾಗೇ ಅನ್ನಬೇಕಂತೆ, ಕೇನಾ ಅಂದರೆ ಒಪ್ಪುವುದಿಲ್ಲ. ಈಗ ನಿನ್ನ ಕಥೆ ಕಳಿಸು."

ಅಡುಗೆಮನೆಯ ಮೂಲೆಯಲ್ಲೇ ಕೂತು ಬಹಳ ಹೊತ್ತು ಅತ್ತೆ. ಆಮೇಲೆ ಮುಖ ತೊಳೆದು, ಫೋನಿನ ಗುಂಡಿ ಒತ್ತಿದೆ. "ಒಂದ್ ಊರಾಗ ಒಬ್ಬಾಕಿ ಮುದಕಿ ಇದ್ಲು" ಎಂದು ನಿಂತೆ. ಯಾರೂ ಏನೂ ಅನ್ನಲಿಲ್ಲ. ಅನ್ನಲಿಕ್ಕೆ ಇದ್ದವರಾದರೂ ಯಾರು? ಕಿಟಕಿಯಾಚೆ ಎದುರಿನ ಮನೆಯ ಬಟ್ಟೆಗಳು ಒಣಗುತ್ತಿದ್ದವು. ಫ್ರಿಜ್ ಒಮ್ಮೆ ಗುಂಯ್ ಎಂದಿತು. ಅದನ್ನೇ ಹೂಂ ಎಂದು ತಿಳಿದು ಮುಂದಿನ ಮಾತು ಹೇಳಿದೆ.