ಮಾಡಿಸಿದ ಆಣೆಗಳನ್ನು ಮರಳಿ ಪಡೆಯಲು ಹೊರಟ ಬಸವಲಿಂಗಮ್ಮನವರು

ಕುಡಿತ ಬಿಡಿಸುವುದೆಂದರೆ ಒಂದೋ ಕೂಡಿಹಾಕಿ ಬೀಗ ಜಡಿಯುವುದು, ಇಲ್ಲವೇ ಸಾರಿನಲ್ಲಿ ಗುಟ್ಟಾಗಿ ಪುಡಿ ಬೆರೆಸುವುದು ಎಂದು ನಮ್ಮ ತುಮಕೂರು ಸೀಮೆಯ ಜನ ಗಟ್ಟಿಯಾಗಿ ನಂಬಿದ್ದ ಕಾಲದಲ್ಲಿ, ಬೀಗವೂ ಇಲ್ಲದ ಪುಡಿಯೂ ಇಲ್ಲದ ಇನ್ನೊಂದು ದಾರಿಯನ್ನು ನಡೆದು ತೋರಿಸಿದವರು ಶ್ರೀಮತಿ ಬಸವಲಿಂಗಮ್ಮನವರು. ತುಮಕೂರಿನ ಸದಾಶಿವನಗರದ ನಮ್ಮ ಹಗಲು ಚಿಕಿತ್ಸಾ ಕೇಂದ್ರಕ್ಕೆ ಜನ ಬೆಳಗ್ಗೆ ಒಂಬತ್ತೂವರೆಗೆ ಬರುತ್ತಾರೆ, ಮಧ್ಯಾಹ್ನ ಮೂರೂವರೆಗೆ ತಂತಮ್ಮ ಮನೆಗೆ ಹೊರಡುತ್ತಾರೆ. ವಾರಕ್ಕೆ ನಾಲ್ಕು ದಿನದಂತೆ ಮೂರು ತಿಂಗಳು. ವೈದ್ಯರ ಮಾತ್ರೆ, ಗುಂಪಿನಲ್ಲಿ ಕುಳಿತು ಮಾತು, ಒಬ್ಬೊಬ್ಬರಿಗೂ ಬೇರೆಯಾಗಿ ಸಮಾಲೋಚನೆ, ಮನೆಯವರಿಗೂ ಪಾಠ, ಮತ್ತು ಕುಡಿತದ ಜೊತೆಗೇ ಬೆಳೆದುಕೊಂಡ ಖಿನ್ನತೆ, ಭಯ, ಸಂಶಯಗಳಿಗೆ ಚಿಕಿತ್ಸೆ, ಎಲ್ಲವೂ ಅಲ್ಲೇ. ಕುಡುಕರನ್ನು ದಿನಾ ಸಂಜೆ ಊರಿಗೆ ಬಿಟ್ಟು ಕುಡಿತ ಬಿಡಿಸುತ್ತಾರಂತೆ ಎಂದು ಜನ ಆಡಿಕೊಂಡು ನಕ್ಕರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗಾದೆ ಹೇಳಿ ಕೈತೊಳೆದುಕೊಂಡವರೂ ಇದ್ದರು. ಅಂಥವರಿಗೆಲ್ಲ ಅಮ್ಮನವರದು ಒಂದೇ ಉತ್ತರ: ಮನುಷ್ಯ ಬದುಕಬೇಕಾದ್ದು ಮನೆಯಲ್ಲಿ, ಆದ್ದರಿಂದ ಬಿಡುವುದನ್ನೂ ಅವನು ಮನೆಯಲ್ಲಿದ್ದುಕೊಂಡೇ ಕಲಿಯಬೇಕು.

ಅವರೀಗ ನಿವೃತ್ತರಾಗುತ್ತಿದ್ದಾರೆ. ಈ ಅಭಿನಂದನ ಸಂಪುಟಕ್ಕೆ ಒಪ್ಪಿಗೆ ಕೇಳಲು ಹೋದಾಗ, ಅವರ ಕೈಕೆಳಗೆ ಬೈಸಿಕೊಂಡು ಬೈಸಿಕೊಂಡೇ ಕೆಲಸ ಕಲಿತ ನಮಗೆಲ್ಲ ಒಂದು ಷರತ್ತು ಹಾಕಿದರು. ಆಣೆಯ ವಿಷಯ ಬರೆಯುವುದಾದರೆ ಪುಸ್ತಕ ಮಾಡಿ, ಬರೀ ಹೊಗಳುವುದಾದರೆ ಒಂದು ಹಾರ ತಂದು ಹಾಕಿ ಮುಗಿಸಿಬಿಡಿ ಎಂದರು. ಅಭಿನಂದನ ಗ್ರಂಥದಲ್ಲಿ ತಪ್ಪುಗಳನ್ನು ಬರೆಯುವ ವಾಡಿಕೆ ಎಲ್ಲಿಯೂ ಇಲ್ಲ. ಆದರೆ ಅಮ್ಮನವರ ಮಾತು ಮೀರುವ ಧೈರ್ಯ ಇಷ್ಟು ವರ್ಷ ನಮಗೆ ಬಂದಿಲ್ಲ, ಈಗ ಮಾತ್ರ ಎಲ್ಲಿಂದ ಬರಬೇಕು?

ಗುಬ್ಬಿಯ ದಿನಸಿ ವರ್ತಕರಾದ ಚನ್ನಬಸವಯ್ಯನವರ ಮಗಳಾಗಿ ಹುಟ್ಟಿದ ಬಸವಲಿಂಗಮ್ಮನವರು ಮಠದ ಒಡನಾಟದ ಮನೆಯಲ್ಲಿ ಬೆಳೆದರು. ಅಂಗಡಿಯಲ್ಲಿ ಆಡಿದ ಮಾತಿಗೂ ಗದ್ದಿಗೆಯ ಮುಂದೆ ಆಡಿದ ಮಾತಿಗೂ ವ್ಯತ್ಯಾಸವಿರಬಾರದು ಎಂದು ತಂದೆ ಹೇಳಿಕೊಟ್ಟಿದ್ದರು. ತುಮಕೂರಿನಲ್ಲಿ ಸಮಾಜಕಾರ್ಯ ಓದಿ, ಆಸ್ಪತ್ರೆಗಳಲ್ಲಿ ಇಪ್ಪತ್ತು ವರ್ಷ ದುಡಿದು, ಎರಡು ಸಾವಿರದ ಹತ್ತರಲ್ಲಿ ನಮ್ಮ ಕೇಂದ್ರ ಬಾಗಿಲು ತೆರೆದ ದಿನವೇ ಅದರ ಹೊಣೆ ಹೊತ್ತರು. ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ತಿಳಿದಿದ್ದ ಅವರು, ಮೊದಲು ಕೇಂದ್ರದ ಡಾಕ್ಟರ್ ಕಿರಣ್‌ಕುಮಾರ್ ಅವರ ಮುಂದೆ ಕೂರಿಸದೆ, ಬೇಕಾದವರನ್ನು ಒಂದು ವಾರ ಆಸ್ಪತ್ರೆಯಲ್ಲಿರಿಸದೆ, ಯಾರನ್ನೂ ಸೇರಿಸಿಕೊಂಡವರಲ್ಲ.

ಅವರ ಕರುಣೆ ಸಣ್ಣ ಸಣ್ಣ ಸಂಗತಿಗಳಲ್ಲಿ ಕಾಣುತ್ತಿತ್ತು. ಮೊದಲ ದಿನಗಳಲ್ಲಿ ಬಂದವರ ಕೈ ನಡುಗುತ್ತದೆ. ತುಂಬಿದ ಲೋಟ ಹಿಡಿದರೆ ಕಾಫಿ ಮೈಮೇಲೆ ಚೆಲ್ಲಿ ಮಾನ ಹೋದಂತಾಗುತ್ತದೆ. ಅಡುಗೆಯ ನರಸಮ್ಮನಿಗೆ ಹೇಳಿ ಎಲ್ಲರಿಗೂ ಅರ್ಧ ಲೋಟವೇ ಕೊಡಿಸುತ್ತಿದ್ದರು, ಬೇಕಾದರೆ ಇನ್ನೊಂದರ್ಧ. ಕೇಂದ್ರದವರು ಕಾಫಿಯಲ್ಲೂ ಜಿಪುಣತನ ಮಾಡುತ್ತಾರೆಂದು ಹೆಸರು ಬಂತು, ಬರಲಿ ಬಿಡಿ ಎಂದರು. ಭಾನುವಾರ ಬಂದರೆ ಯಾರದಾದರೂ ಊರಿನ ಬಸ್ಸು ಹತ್ತಿ, ಇಳಿದಲ್ಲಿಂದ ಅವರ ಮನೆಯವರೆಗೆ ನಡೆದು, ವೈನ್ ಶಾಪ್ ಸಿಗದ ಬಳಸುದಾರಿ ಹುಡುಕಿಕೊಟ್ಟು ಬರುತ್ತಿದ್ದರು. ಅರವತ್ತು ಸಮೀಪಿಸಿದರೂ ಆ ಅಭ್ಯಾಸ ಬಿಟ್ಟಿರಲಿಲ್ಲ.

ಇನ್ನು ಆಣೆಯ ವಿಷಯ. ಪ್ರತಿ ತಂಡದ ಮೊದಲ ದಿನ ಕೇಂದ್ರದಲ್ಲಿ ಪ್ರಮಾಣ ಸ್ವೀಕಾರ ನಡೆಯುತ್ತಿತ್ತು, ಮತ್ತು ಅದು ಸಾಕ್ಷಾತ್ ಅಮ್ಮನವರದೇ ಕಲ್ಪನೆ. ದೀಪ ಹಚ್ಚಿ, ಮನೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಬ್ಬೊಬ್ಬರೂ ತಮಗೆ ಅತಿ ಪ್ರಿಯವಾದುದನ್ನು ಮುಟ್ಟಿ ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಬೇಕು. ಕೆಲವರು ಇಷ್ಟಲಿಂಗ ಮುಟ್ಟುತ್ತಿದ್ದರು; ಹೆಚ್ಚಿನವರು ಮಕ್ಕಳ ತಲೆಯ ಮೇಲೆ ಕೈಯಿಡುತ್ತಿದ್ದರು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು, ಪತ್ರಿಕೆಯಲ್ಲಿ ಫೋಟೋ ಬರುತ್ತಿತ್ತು, ನಾವೆಲ್ಲ ಎದೆಯುಬ್ಬಿಸಿ ನಿಲ್ಲುತ್ತಿದ್ದೆವು. ನಡುವೆ ಎಡವಿದವರು ಮಾತ್ರ ಮತ್ತೆ ಇತ್ತ ತಲೆಹಾಕುತ್ತಿರಲಿಲ್ಲ. ಅವರ ಹೆಸರಿನ ಮುಂದೆ 'ಬಿಟ್ಟು ಹೋದವರು' ಎಂದು ಬರೆದು, ಅವರಿಗೆ ಮನಸ್ಸು ಗಟ್ಟಿಯಿರಲಿಲ್ಲ ಎಂದು ಅಮ್ಮನವರೂ ಅಂದುಕೊಂಡರು, ನಾವೂ ಅಂದುಕೊಂಡೆವು.

ಎರಡು ಸಾವಿರದ ಹದಿನೈದರಲ್ಲಿ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ ನಾಗೇಶ್ ಬಂದ. ಬೋರ್‌ವೆಲ್ ಮೋಟಾರ್ ರಿಪೇರಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೋಟಾರ್ ಮೇಲೆತ್ತಿದ ದಿನ ತೋಟದವರು ಕೂಲಿಯ ಜೊತೆಗೊಂದು ಕ್ವಾರ್ಟರ್ ಕೊಡಿಸುವುದು ಅಲ್ಲಿನ ರೂಢಿ. ಆ ರೂಢಿಯೇ ಅವನನ್ನು ತಿಂದುಹಾಕಿತ್ತು. ಆಣೆಯ ದಿನ ಅವನ ಹೆಂಡತಿ ಮಂಜುಳಮ್ಮ ಆರು ವರ್ಷದ ಮಗಳು ಮಾನಸಾಳನ್ನು ಮುಂದೆ ನಿಲ್ಲಿಸಿದಳು. ನಾಗೇಶ ಕೈ ಹಿಂದಕ್ಕೆ ತೆಗೆದುಕೊಂಡ. ಬಸವಲಿಂಗಮ್ಮನವರೇ ಆ ಕೈ ಹಿಡಿದು ಮಗುವಿನ ನೆತ್ತಿಯ ಮೇಲಿಡಿಸಿದರು.

ಐದು ವಾರ ಅವನು ಒಂದು ದಿನವೂ ತಪ್ಪಿಸಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆರನೆಯ ವಾರದ ಶನಿವಾರ ಯಾರದೋ ತೋಟದಲ್ಲಿ ಮೋಟಾರ್ ಎತ್ತಿದ, ಕೊಟ್ಟದ್ದನ್ನು ಕುಡಿದ. ಭಾನುವಾರ ಮಾನಸಾಳಿಗೆ ಜ್ವರ ಏರಿತು. ಸೋಮವಾರ ಡೆಂಗ್ಯೂ ಎಂದು ಕುಣಿಗಲ್ಲಿನ ಆಸ್ಪತ್ರೆಗೆ ಸೇರಿಸಿದರು. ಬುಧವಾರ ಮಂಜುಳಮ್ಮನ ಫೋನ್ ಬಂತು. ಗಂಡ ಆಸ್ಪತ್ರೆಯ ಗೇಟಿನ ಹೊರಗೇ ಕುಳಿತಿದ್ದಾನೆ, ತಾನು ಕಣ್ಣಿಗೆ ಬಿದ್ದರೆ ಮಗುವಿಗೆ ಇನ್ನೂ ಜಾಸ್ತಿಯಾಗುತ್ತದೆ ಎಂದು ಒಳಗೆ ಬರುತ್ತಿಲ್ಲ, ಕುಡಿಯುವುದನ್ನೂ ನಿಲ್ಲಿಸುತ್ತಿಲ್ಲ, ಮಗು ಅಪ್ಪ ಅಪ್ಪ ಎಂದು ಅಳುತ್ತಿದೆ ಎಂದಳು.

ಅಮ್ಮನವರು ಮುಂದಿನ ಬಸ್ಸಿಗೇ ಕುಣಿಗಲ್ ಸೇರಿದರು. ಗೇಟಿನೆದುರಿನ ಜಗಲಿಯಲ್ಲಿ ನಾಗೇಶ ಕುಳಿತಿದ್ದ, ಪಕ್ಕದಲ್ಲಿ ಅವನ ಅಪ್ಪ ಚಿಕ್ಕಬೋರಯ್ಯ. ಓದಿದವರು ಹೇಳುವುದನ್ನೆಲ್ಲ ಅಮ್ಮನವರು ಹೇಳಿದರು: ಈ ಜ್ವರ ಸೊಳ್ಳೆಯಿಂದ ಬರುತ್ತದೆ, ಅದಕ್ಕೂ ಆಣೆಗೂ ಸಂಬಂಧವಿಲ್ಲ. ನಾಗೇಶ ತಲೆಯೆತ್ತದೆ ಕೇಳಿಸಿಕೊಂಡ.

"ಸೊಳ್ಳೆ ಊರ್ಗೆಲ್ಲಾ ಐತೆ ಕಣ್ ಮೇಡಮ್ಮೋರೆ. ಮಗಳ ತಲೆ ಮುಟ್ಟಿ ತಪ್ಪಿದೋನು ನಾನೊಬ್ನೆ" ಎಂದ. ತನ್ನ ಅಂಗೈ ನೋಡಿಕೊಂಡು, "ನಾನು ಕೈ ಹಿಂದಕ್ ತಗಂಡಿದ್ದೆ. ನೀವೇ ಹಿಡ್ದು ಇಡಿಸಿದ್ರಿ" ಎಂದ.

ಇಪ್ಪತ್ತೈದು ವರ್ಷ ಕಲಿತದ್ದೆಲ್ಲ ಆ ಜಗಲಿಯ ಮೇಲೆ ಕರಗಿ ನೀರಾಯಿತು ಎಂದು ಅಮ್ಮನವರೇ ನಮ್ಮೊಂದಿಗೆ ಹೇಳಿಕೊಂಡಿದ್ದಾರೆ. ಎಡವಿದವನು ಎದ್ದು ಬರಬೇಕಾದ ಬಾಗಿಲಿಗೆ ಅವನ ಮಗುವನ್ನೇ ಅಡ್ಡ ನಿಲ್ಲಿಸಿದವರು ತಾವೇ ಎಂದು ಆ ಹೊತ್ತಿನಲ್ಲಿ ಅವರಿಗೆ ಮನವರಿಕೆಯಾಯಿತು. ಆಮೇಲೆ ಚಿಕ್ಕಬೋರಯ್ಯನ ಕಡೆ ತಿರುಗಿ, ನಿಮ್ಮೂರಿನಲ್ಲಿ ಆಣೆ ತಪ್ಪಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ದೇವರ ಮುಂದೆ ನಿಂತು ತಪ್ಪು ಒಪ್ಪಿಕೊಂಡು ತಪ್ಪುಕಾಣಿಕೆ ಕಟ್ಟಬೇಕು ಎಂದು ಮುದುಕ ಹೇಳಿದ.

"ಆಣೆ ಮಾಡಿಸ್ದೋರು ಕಟ್ಬೋದಾ?"

ಚಿಕ್ಕಬೋರಯ್ಯ ಅವರ ಮುಖವನ್ನೇ ನೋಡಿದ. "ಕಟ್ಬೋದು ಕಣವ್ವ. ಆದ್ರೆ ಮಾಡಿಸ್ದೋರು ಬಂದು ಒಪ್ಕಂಡಿದ್ದು ನಾನು ಈ ವಯಸ್ಸಿನ್ ತಂಕ ಕಂಡಿಲ್ಲ."

ಅಂದೇ ಮಧ್ಯಾಹ್ನ ಮೂವರೂ ಆಟೋ ಮಾಡಿಕೊಂಡು ಕೊತ್ತಗೆರೆಗೆ ಹೋದರು. ಕೊರಳಲ್ಲಿ ಇಷ್ಟಲಿಂಗವಿರುವ ಹೆಣ್ಣುಮಗಳು, ಪರರ ಊರಿನ ಗ್ರಾಮದೇವತೆಯ ಗುಡಿಯಲ್ಲಿ, ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ, ಪೂಜಾರಿಯ ಎದುರು, ನೆರೆದ ನಾಲ್ಕು ಜನರ ಎದುರು ಗಟ್ಟಿಯಾಗಿ ಹೇಳಿದರು: "ಈ ಆಣೆ ಮಾಡಿಸಿದ್ದು ನಾನು. ಇವ್ನಿಗಿರೋದು ಕಾಯಿಲೆ. ಕಾಯಿಲೆಯವನ ಕೈಲಿ ಮಗು ತಲೆ ಮುಟ್ಟಿಸಬಾರದಿತ್ತು. ತಪ್ಪು ನಂದು, ಈ ಮಗು ಅಪ್ಪಂದಲ್ಲ. ಆಣೆ ವಾಪಸ್ ತಗೊಂಡಿದೀನಿ."

ವಿದ್ಯಾವಂತರಾದ ನಾವು ಕೆಲವರು ಆಗ ಮೂಗು ಮುರಿದದ್ದು ನಿಜ. ಮೂಢನಂಬಿಕೆಗೆ ಮಣೆ ಹಾಕಿದಂತಾಯಿತಲ್ಲ ಎಂದು ಹಿಂದಿನಿಂದ ಆಡಿಕೊಂಡೆವು. ಮಣೆ ಹಾಕಿದ್ದು ಆಣೆ ಮಾಡಿಸಿದ ದಿನ, ಆವತ್ತು ನೀವೆಲ್ಲ ಚಪ್ಪಾಳೆ ತಟ್ಟಿದ್ದಿರಿ ಎಂದು ಅವರು ಎದುರಿಗೇ ಹೇಳಿದರು.

ಸಂಜೆ ನಾಗೇಶ ವಾರ್ಡಿನ ಬಾಗಿಲವರೆಗೆ ಬಂದು ನಿಂತ. ಮಂಚದ ಮೇಲಿಂದ ಮಾನಸಾ ಅವನನ್ನು ನೋಡಿ, ಅಪ್ಪ ಕುಡಿದಿದೀಯಾ ಎಂದು ಕೇಳಿದಳು. ಅವನು ಹೂಂ ಎಂದ. "ಸರಿ ಬಾ, ಇಲ್ಲಿ ಕೂತ್ಕೊ" ಎಂದು ಆ ಮಗು ಕಾಲು ಸರಿಸಿ ಜಾಗ ಮಾಡಿಕೊಟ್ಟಿತು. ವಾರದೊಳಗೆ ಅವಳು ಮನೆಗೆ ಬಂದಳು, ಅವನು ಕೇಂದ್ರಕ್ಕೆ ಬಂದ. ಮುಂದೆಯೂ ಅವನು ಎಡವದೆ ಇರಲಿಲ್ಲ. ಎರಡು ಸಲ ಎಡವಿದ. ಎರಡು ಸಲವೂ ಮರುದಿನವೇ ಬಂದು, ಕುಡಿದೆ ಎಂದು ಹೇಳಿ, ಗುಂಪಿನಲ್ಲಿ ಕುಳಿತ. ಈಗ ಎಂಟು ವರ್ಷದಿಂದ ಕುಡಿದಿಲ್ಲ.

ಕೇಂದ್ರದಲ್ಲಿ ಅಂದಿನಿಂದ ಆಣೆ ನಿಂತಿತು. ಆದರೆ ಅಮ್ಮನವರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಹಳೆಯ ದಾಖಲೆಗಳನ್ನು ತೆಗೆಸಿ, ಐದು ವರ್ಷಗಳಲ್ಲಿ ಆಣೆ ಮಾಡಿ 'ಬಿಟ್ಟು ಹೋದ' ಒಬ್ಬೊಬ್ಬರ ಹೆಸರನ್ನೂ ತಮ್ಮ ಕೈಯಾರೆ ಬರೆದುಕೊಂಡು, ಮನೆಮನೆಗೆ ಹೊರಟರು. ಗುಬ್ಬಿಯಲ್ಲಿ ಒಬ್ಬರು ಕದ ಹಾಕಿಕೊಂಡರು, ತುರ್ತು ಕೆಲಸವಿದೆ ಎಂದು ಜಾರಿಕೊಂಡವರೂ ಇದ್ದರು, ಕಾಲಿಗೆ ಬಿದ್ದು ಅತ್ತವರೂ ಇದ್ದರು. ಎಲ್ಲರಿಗೂ ಅವರು ಹೇಳಿದ್ದು ಒಂದೇ ಮಾತು, ಆಣೆ ಇಲ್ಲ, ಯಾವಾಗ ಬೇಕಾದರೂ ಬನ್ನಿ. ಅರ್ಧಕ್ಕಿಂತ ಹೆಚ್ಚು ಜನ ಮರಳಿ ಬಂದರು.

ಉಳಿದವರಲ್ಲಿ ಹನ್ನೊಂದು ಜನ ತೀರಿಹೋಗಿದ್ದರು. ಆ ಮನೆಗಳಿಗೆ ಹೋಗುವ ಧೈರ್ಯ ಅವರಿಗೆ ಬಹಳ ವರ್ಷ ಬರಲಿಲ್ಲ. ಸತ್ತವರಿಗೆ ಆಣೆ ಬಿಡಿಸಿ ಏನು ಪ್ರಯೋಜನ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕಳೆದ ವರ್ಷ, ನಿವೃತ್ತಿ ಕಣ್ಣೆದುರು ಬಂದು ನಿಂತಾಗ, ಉಪ್ಪಾರಹಳ್ಳಿಯ ಶಕುಂತಲಮ್ಮನವರ ಮನೆಗೆ ಹೋದರು. ಅವರ ಯಜಮಾನರು ಆಣೆ ಮಾಡಿದ್ದು ಮಗ ಸಿದ್ದಾರ್ಥನ ತಲೆ ಮುಟ್ಟಿ. ಎಂಟೇ ದಿನಕ್ಕೆ ತಪ್ಪಿದ್ದರು, ಒಂದು ವರ್ಷದೊಳಗೆ ತೀರಿಕೊಂಡಿದ್ದರು. ಆಗ ಒಂಬತ್ತು ವರ್ಷದವನಾಗಿದ್ದ ಸಿದ್ದಾರ್ಥ ಈಗ ಮೀಸೆ ಬಂದ ಯುವಕ. ತಾಯಿ ಕಾಫಿ ತರಲು ಒಳಗೆ ಹೋದಾಗ ಅವನು ಅಮ್ಮನವರ ಎದುರು ಕುಳಿತ.

"ನನ್ ತಲೆ ಮೇಲೆ ಕೈಯಿಟ್ಟು ಹೇಳಿದ್ರು ಮೇಡಂ. ಎಂಟು ದಿನ ಇರಕ್ಕಾಗಲಿಲ್ಲ. ಅಷ್ಟೇನಾ ನಾನು ಅವ್ರಿಗೆ ಅಂತ ಇವತ್ತಿಗೂ ಅನ್ಸುತ್ತೆ."

ಅಮ್ಮನವರು ತಾವು ಅಡುಗೆಯ ನರಸಮ್ಮನಿಂದ ಕೇಳಿ ತಿಳಿದಿದ್ದನ್ನು ಅವನಿಗೆ ಹೇಳಿದರು. ಕುಡಿದ ಮೇಲೆ ಅವನ ತಂದೆ ಮೂರು ದಿನ ಬೆಳಗ್ಗೆ ಕೇಂದ್ರದ ಗೇಟಿನವರೆಗೆ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ನಿಂತು, ಒಳಗೆ ಬಾರದೆ ತಿರುಗಿ ಹೋಗಿದ್ದರು.

"ನೀನು ಅವ್ರಿಗೆ ಕಮ್ಮಿ ಆಗಿರಲಿಲ್ಲ ಕಣಪ್ಪ" ಎಂದರು. "ನಿನ್ ತಲೆ ಮುಟ್ಟಿ ತಪ್ಪಿದ್ದಕ್ಕೆ ನಮ್ ಮುಖ ನೋಡಕ್ಕಾಗದೆ ವಾಪಸ್ ಹೋದ್ರು. ಆ ಆಣೆ ಮಾಡಿಸಿದ್ದು ನಾನು."

ಶಕುಂತಲಮ್ಮನವರು ಕಾಫಿ ಹಿಡಿದು ಬಂದಾಗ ಮಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ತಂದೆ ಸತ್ತಾಗಲೂ ಅವನು ಅತ್ತಿರಲಿಲ್ಲವಂತೆ.

ಅಮ್ಮನವರಿಗೆ ನಾವೀಗ ಶಾಲು ಹೊದಿಸುತ್ತಿದ್ದೇವೆ, ಹಣ್ಣಿನ ತಟ್ಟೆ ಕೊಡುತ್ತಿದ್ದೇವೆ, ವಿಶ್ರಾಂತಿ ಸುಖಕರವಾಗಿರಲಿ ಎಂದು ಹಾರೈಸುವ ಮನಸ್ಸೂ ನಮಗಿದೆ. ಆದರೆ ವಿಶ್ರಾಂತಿ ಅವರಿಗೆ ಬೇಕಾಗಿಲ್ಲ. ಹನ್ನೊಂದು ಮನೆಗಳಲ್ಲಿ ನಾಲ್ಕಕ್ಕೆ ಹೋಗಿ ಬಂದಿದ್ದಾರೆ, ಏಳು ಉಳಿದಿವೆ. ಮಂಡಿ ನೋವು ಹೆಚ್ಚಾಗಿದೆ, ದಿನಕ್ಕೊಂದು ಬಸ್ಸು ಹತ್ತಿಳಿಯುವುದೇ ಕಷ್ಟವಾಗಿದೆ. ಭಗವಂತನು ಅವರಿಗೆ ದೀರ್ಘಾಯುಷ್ಯವನ್ನೂ ನಡೆಯುವ ಕಾಲುಗಳನ್ನೂ ಕೊಡಲಿ ಎಂದು ನಾವು ಬೇಡುವುದು ಅವರೊಬ್ಬರಿಗಾಗಿ ಅಲ್ಲ. ಅಪ್ಪನಿಗೆ ತಾನು ಬೇಡವಾಗಿದ್ದೆ ಎಂದುಕೊಂಡು ಬೆಳೆದ ಮಕ್ಕಳು ಆ ಏಳು ಮನೆಗಳಲ್ಲಿದ್ದಾರೆ, ಹಾಗಲ್ಲ ಎಂದು ಅವರಿಗೆ ಇನ್ನೂ ಯಾರೂ ಹೇಳಿಲ್ಲ.