ಎಡಕ್ಕೆ ತಿರುಚಿದ ತಂತಿ

ನಮ್ಮ ಅಕ್ಕನ ಗಂಡನಿಗೆ ರೇಸಿನವರೆಲ್ಲ ಇಟ್ಟ ಹೆಸರು ‘ಎಡಚ’. ಸಹಿಯಿಂದ ಹಿಡಿದು ಸ್ಪ್ಯಾನರ್‌ವರೆಗೆ ಎಲ್ಲ ಎಡಗೈಯಲ್ಲೇ. ನಾನೂರು ಸಿಸಿ ಬೈಕುಗಳ ರಾಷ್ಟ್ರೀಯ ರೇಸ್ ಸರಣಿಯಲ್ಲಿ ಹದಿನೆಂಟು ವರ್ಷ ಮೆಕ್ಯಾನಿಕ್. ಆ ವರ್ಗದ ನಿಯಮ ಸರಳ: ಇಂಜಿನ್ ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು. ಭಾವನ ಬೈಕು ಒಂದು ಸಲವೂ ತಪಾಸಣೆಯಲ್ಲಿ ಸಿಕ್ಕಿಬಿದ್ದಿರಲಿಲ್ಲ. ಅವರ ಆಸ್ತಿ ಎಂದರೆ ಆ ಒಳ್ಳೆಯ ಹೆಸರೊಂದೇ.

ರೇಸ್ ಬೈಕಿನ ಬೋಲ್ಟುಗಳು ಅದುರಿ ಸಡಿಲವಾಗದಂತೆ ತೂತು ಕೊರೆದು ತೆಳು ಉಕ್ಕಿನ ತಂತಿ ಬಿಗಿಯುತ್ತಾರೆ. ಎಲ್ಲರೂ ಬಲಕ್ಕೆ ತಿರುಚಿದರೆ ಭಾವ ಎಡಕ್ಕೆ. ಕೊನೆಗೆ ತುದಿಯನ್ನು ಎರಡು ಸುತ್ತು ಒಳಕ್ಕೆ ಮಡಚುತ್ತಿದ್ದರು. ಅವರ ತಮ್ಮ ಚಿಕ್ಕವನಿದ್ದಾಗ ಆ ತುದಿ ಅಂಗೈಗೆ ಚುಚ್ಚಿ ರಕ್ತ ಸುರಿದಿತ್ತಂತೆ. ಅಂದಿನಿಂದ ಆ ಅಭ್ಯಾಸ. ಅಪ್ಪನಿಲ್ಲದ ಆ ತಮ್ಮನನ್ನು ಸಾಕಿದ್ದೂ, ರೇಸಿಗೆ ಹತ್ತಿಸಿದ್ದೂ, ಅಡುಗೆಮನೆಯ ಮೇಜಿಗೆ ಕೂರಿಸಿಕೊಂಡು ಚಮಚಗಳಿಗೆ ತಂತಿ ಸುತ್ತಿಸಿ ಆ ಕಟ್ಟು ಕಲಿಸಿದ್ದೂ ಭಾವನೇ. ಅಕ್ಕನ ಚಮಚಗಳೆಲ್ಲ ಗೀಚಿಹೋಗಿವೆ.

ಈ ವರ್ಷ ಸರಣಿಯ ನಾಲ್ಕನೇ ಸುತ್ತಿನಲ್ಲಿ ಭಾವ ಸಜ್ಜುಮಾಡಿದ ಬೈಕು ಓಡಿಸಿ ತಮ್ಮ ಮೊದಲು ಬಂದ. ಗೆದ್ದ ಬೈಕಿನ ಇಂಜಿನ್ ಬಿಚ್ಚಿ ನೋಡುವುದು ವಾಡಿಕೆ. ಟೀಮಿನ ವ್ಯಾನ್ ಓಡಿಸುವ ನಾನೂ ತಪಾಸಣೆ ಶೆಡ್ಡಿನಲ್ಲಿ ನಿಂತಿದ್ದೆ. ಮುಚ್ಚಳ ತೆಗೆದರೆ ಒಳಗೆ ಬೇರೆಯೇ ಕ್ಯಾಮ್‌ಶಾಫ್ಟ್. ವೇಗ ಹೆಚ್ಚಿಸುವ ಕಳ್ಳಮಾಲು.

ಭಾವ ಬಗ್ಗಿ ನೋಡಿದರು. “ಇದು ನಾನು ಹಾಕಿದ್ದಲ್ಲ ಸರ್.”

ತಪಾಸಣೆಯ ಹಿರಿಯರು ಮುಚ್ಚಳದ ಬೋಲ್ಟುಗಳಿಂದ ಬಿಚ್ಚಿದ ತಂತಿಯನ್ನು ಎತ್ತಿ ತೋರಿಸಿದರು. “ಎಡಕ್ಕೆ ತಿರುಚೋರು ಇಲ್ಲಿ ನೀವೊಬ್ರೇ ಅಲ್ವೇನ್ರಿ?”

ಭಾವ ಅದನ್ನು ಕೈಗೆ ತೆಗೆದುಕೊಂಡರು. ತುದಿ ಬೆರಳಿಗೆ ಚುಚ್ಚಿತು. ಮಡಚಿರಲಿಲ್ಲ. ಕಟ್ಟಿದ್ದು ಯಾರೆಂದು ಅವರಿಗೂ ತಿಳಿಯಿತು, ನನಗೂ ತಿಳಿಯಿತು. ತಮ್ಮನ ಕಡೆ ತಿರುಗಿದರು.

“ಹೇಳೋ. ನೀನೇ ಹೇಳು.”

ತಮ್ಮ ಹೆಲ್ಮೆಟ್ಟಿನ ಪಟ್ಟಿ ನೋಡುತ್ತಾ, “ಇಂಜಿನ್ ಎಲ್ಲಾ ಅಣ್ಣಂದೇ ಸರ್. ನಾನು ಓಡಿಸೋನು ಅಷ್ಟೇ,” ಅಂದ.

ಉಂಡ ಮನೆಯ ಜಂತೆ ಎಣಿಸುವವರ ಬಗ್ಗೆ ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಮೈಯೆಲ್ಲ ಉರಿದುಹೋಯಿತು. ಎಲ್ಲ ಹೇಳಿಬಿಡೋಣವೆಂದು ಮುಂದೆ ಹೋದರೆ ಭಾವ ನನ್ನ ತೋಳು ಹಿಡಿದುಕೊಂಡರು.

“ಬೇಡ. ಅವನು ಹೇಳ್ಬೇಕಿತ್ತು. ಹೇಳ್ಲಿಲ್ಲ.”

ತಪ್ಪು ತನ್ನದೆಂದು ಒಪ್ಪುವ ಕಾಗದಕ್ಕೆ ಭಾವ ಸಹಿ ಹಾಕಿದರು. ತಮ್ಮನಿಗೆ ಆ ಒಂದು ರೇಸಿನ ಅಂಕ ಹೋಯಿತು. ಭಾವನ ಪರವಾನಗಿ ಎರಡು ವರ್ಷ ರದ್ದು. ಹೇಗಿದೆ ನ್ಯಾಯ! ವ್ಯಾನಿನಲ್ಲಿ ಮನೆಗೆ ಬರುವಾಗ ಭಾವ ಅತ್ತರು. ಹದಿನೆಂಟು ವರ್ಷದಲ್ಲಿ ನಾನು ಅದನ್ನು ಕಂಡಿದ್ದು ಅದೇ ಮೊದಲು.

ಹನ್ನೆರಡು ದಿನ ಬಿಟ್ಟು ತಮ್ಮನ ಫೋನು ಬಂತು. ಅಕ್ಕ ಸ್ಪೀಕರಿಗೆ ಹಾಕಿ ಅಡುಗೆಮನೆಯ ಅದೇ ಮೇಜಿನ ಮೇಲಿಟ್ಟಳು.

“ಅಣ್ಣಾ, ಕೊನೇ ಸುತ್ತು ಇದೆ. ಹೊಸ ಮೆಕ್ಯಾನಿಕ್ ಕಟ್ಟಿದ್ರೆ ನಂಗೆ ನಂಬಿಕೆ ಬರ್ತಿಲ್ಲ. ಬೈಕ್ ಮನೆಗೇ ತರ್ತೀನಿ, ಬೋಲ್ಟೆಲ್ಲ ನೀನೇ ಕಟ್ಟಿಕೊಡು. ಯಾರಿಗೂ ಗೊತ್ತಾಗಲ್ಲ.”

ನಂಬಿಕೆಯಂತೆ ನಂಬಿಕೆ! ನನಗೆ ಫೋನನ್ನೇ ಎತ್ತಿ ಒಗೆಯುವಷ್ಟು ಸಿಟ್ಟು ಬಂತು.

ಭಾವ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಅಂದರು: “ನೀನೇ ಕಟ್ಕೋ. ನಿನ್ನ ಕಟ್ಟು ನಂದೇ ಅಂತ ತಪಾಸಣೆಯವರೇ ಒಪ್ಕೊಂಡ್ರಲ್ಲ. ತುದಿ ಮಾತ್ರ ಒಳಕ್ಕೆ ಮಡಚು. ಕೈಗೆ ಚುಚ್ಚತ್ತೆ.”