ಬಟ್ಟೆ ಅಂಗಡಿ ಧಣಿಯ ಆಶೀರ್ವಾದ

ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟ ಮೇಲೆ ಅಪ್ಪ ನನ್ನ ಭವಿಷ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಿದ. "ಹುಣ್ಸೂರ್ನಲ್ಲಿ ಬಟ್ಟೆ ಅಂಗ್ಡಿಗೆ ಉಡುಗ್ರು ಬೇಕಂತೆ. ಸಿಕ್ತಾ, ಅಲ್ಲೇ ಇರು. ಸಿಕ್ನಿಲ್ವಾ, ಬ್ಯಾರನ್ ಮುಂದ್ಕೆ ಕುಂತು ಸೌದೆ ಆಕು."

ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಅದರ ಹೊಟ್ಟೆಗೆ ಬೆಂಕಿ ತಪ್ಪುವ ಹಾಗಿಲ್ಲ. ಮುಂದೆ ಕೂತವನು ವಾರದೊಳಗೆ ತಾನೂ ಸೊಪ್ಪಿನ ಬಣ್ಣಕ್ಕೆ ತಿರುಗುತ್ತಾನೆ, ಹರಾಜಿಗೆ ಇಟ್ಟರೆ ಒಳ್ಳೆ ರೇಟಿಗೆ ಹೋಗುತ್ತಾನೆ. ಹಾಗಾಗಿ ಆ ಬಟ್ಟೆ ಅಂಗಡಿ ನನಗೆ ಸ್ವರ್ಗದ ಹಾಗೆ ಕಾಣುತ್ತಿತ್ತು. ಅಲ್ಲಿ ಫ್ಯಾನ್ ಇತ್ತಲ್ಲ.

ತೊಂದರೆ ನನ್ನ ಕೈಯದು. ಹಸಿ ಸೊಪ್ಪು ಮುರಿಯುವವರ ಕೈಗೆ ಅಂಟು ಹತ್ತಿ ಟಾರು ಬಳಿದ ಹಾಗಾಗುತ್ತದೆ. ಒಣಗಿದ್ದರೆ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ನೀರು ಬಿತ್ತೋ, ಹಸಿರು ಹಳದಿ ರಸ ಬಿಟ್ಟು ಮುಟ್ಟಿದ್ದಕ್ಕೆಲ್ಲ ಹತ್ತುತ್ತದೆ. ಆ ಕಲೆ ಬಟ್ಟೆ ಹರಿದರೂ ಹೋಗುವುದಿಲ್ಲ. ಅವ್ವ ಸೀಮೆಎಣ್ಣೆ ಹಾಕಿ ತಿಕ್ಕಿದಳು. ಚರ್ಮ ಹೋಯಿತು, ಕಪ್ಪು ಉಳಿಯಿತು. "ಓದ್ ತಕ್ಷಣ ದಣಿ ಕಾಲಿಗ್ ಬೀಳು ಕಣ್ಲಾ, ಬರೋವಾಗ್ಲೂ ಬೀಳು" ಎಂದು ಹೇಳಿ ಕಳಿಸಿದಳು. ಬೆಟ್ಟದಪುರದಲ್ಲಿ ಹತ್ತಿದ ಬಸ್ಸಿನಲ್ಲಿ, ಪಕ್ಕದವನು ಬೀಡಿ ಹಚ್ಚಲು ಹೊರಟವನು ನನ್ನ ಕಡೆ ಮೂಗೆಳೆದು ಬೆಂಕಿಪೊಟ್ಟಣವನ್ನು ಜೇಬಿಗೆ ಇಳಿಸಿದ.

ಅಂಗಡಿಯಲ್ಲಿ ಧಣಿ ಬಿಳಿ ಶರ್ಟು, ಬಿಳಿ ಪಂಚೆಯಲ್ಲಿದ್ದ. ಅಷ್ಟು ಬಿಳಿ ನೋಡಲು ಕೊಡೆ ಬೇಕಿತ್ತು. ಅವನ ಬಾಮೈದ ತಿರುಗುವ ಕುರ್ಚಿಯಲ್ಲಿ ಬುಗುರಿಯ ಹಾಗೆ ಸುತ್ತುತ್ತಿದ್ದ. ನನಗೆ ಕುರ್ಚಿ ಇರಲಿಲ್ಲ. ಕಾಲಿಗೆ ಬೀಳಲು ಬಗ್ಗಿದೆ. ಧಣಿ ಕಾಲು ಎಳೆದುಕೊಂಡ.

"ಯಾವೂರೋ?" ಅಂದ ಬಾಮೈದ.

"ಬೆಟ್ಟದ್ಪುರದ್ ತಾವ, ಸಾರ್."

"ಅದಕ್ಕೇ. ಬ್ಯಾರನ್ನೇ ಎದ್ದು ಬಂದ ಹಾಗಿದೆ."

ಸಾಲಾಗಿ ನಿಂತಿದ್ದ ಅಂಗಡಿ ಹುಡುಗರು ನಕ್ಕರು. ನಗುವುದೂ ಅವರ ಸಂಬಳದಲ್ಲಿ ಸೇರಿತ್ತೇನೋ.

ಧಣಿ ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ಕೇಳಿದ. "ಸೀಮೆಎಣ್ಣೆ ವಾಸ್ನೆ, ಸ್ಟವ್ ಹಚ್ಚಿರೋದು ಯಾರ್ರೋ? ಏಯ್, ಇಂಗ್ಲಿಷ್‌ನಲ್ಲಿ ಎಷ್ಟು ತೆಗ್ದಿದ್ದೀಯ?"

"ಹದಿನೆಂಟು, ಸಾರ್."

"ನಿಮ್ಮಪ್ಪಂಗೆ ಹೇಳು, ವಯಸ್ಸಿಗೆ ಸರಿಯಾಗಿ ಮಾರ್ಕ್ಸ್ ತೆಗ್ದಿದ್ದೀನಿ ಅಂತ. ಖುಷಿ ಪಡ್ಲಿ. ಕೈ ತೋರ್ಸು."

ತೋರಿಸಿದೆ. ಬಾಮೈದ ಹಾವು ಕಂಡವನ ಹಾಗೆ ಕುರ್ಚಿ ಸಮೇತ ಹಿಂದಕ್ಕೆ ಉರುಳಿದ. "ಈ ಕೈಯಲ್ಲಿ ರೇಷ್ಮೆ ಸೀರೆ ಬಿಚ್ತೀಯಾ? ಹೋಗು, ಹಿತ್ತಲ ನಲ್ಲೀಲಿ ತೊಳ್ಕೊಂಡ್ ಬಾ."

"ನೀರು ಬ್ಯಾಡಿ ಸಾರ್, ನೀರ್ ಬಿದ್ರೆ..."

"ನಮಗೇ ಪಾಠ ಮಾಡ್ತೀಯಾ? ನಡಿ."

ತೊಳೆದೆ. ಕೈಯಿಂದ ಹಸಿರು ನೀರು ತೊಟ್ಟಿಕ್ಕುತ್ತಿತ್ತು. ವಾಪಸ್ಸು ಬಂದರೆ ಅಂಗಡಿಯ ಗಾಳಿಯೇ ಬೇರೆಯಾಗಿತ್ತು. ಸೊಪ್ಪು ಹರಾಜು ಮುಗಿಸಿಕೊಂಡ ರೈತನೊಬ್ಬ ಬಂದಿದ್ದ. ಜೇಬು ಉಬ್ಬಿತ್ತು. ಕೈ ನನ್ನದಕ್ಕಿಂತ ಕಪ್ಪು. ಬಾಮೈದನ ಕುರ್ಚಿ ಈಗ ಅವನ ಕೆಳಗಿತ್ತು. ಧಣಿ ಎದ್ದು ನಿಂತು, "ಮುಟ್ಟಿ ನೋಡಿ ಅಣ್ಣ, ಸಂಕೋಚ ಬೇಡ" ಎಂದು ರೇಷ್ಮೆ ಸೀರೆಯ ಸೆರಗನ್ನು ಆ ಕೈಗೇ ಹಿಡಿಸುತ್ತಿದ್ದ.

"ಸಾರ್, ನನ್ ಕೆಲ್ಸ?" ಅಂದೆ.

"ಯಾವ ಕೆಲ್ಸ? ಅದಕ್ಕೆ ನಮ್ಮಕ್ಕನ ಮಗ ಹೋದ ವಾರವೇ ಬಂದಾಯ್ತು." ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹುಡುಗನ ಕಡೆ ಧಣಿ ಗಲ್ಲ ತೋರಿಸಿದ.

"ಮತ್ತೆ ನನ್ ಕೈ ಯಾಕ್ ತೊಳ್ಸುದ್ರಿ?"

ಬಾಮೈದ ಹೇಳಿದ. "ವ್ಯಾಪಾರ ಇರ್ಲಿಲ್ಲ, ಹೊತ್ತು ಹೋಗ್ಬೇಕಲ್ಲ. ಹೋಗು, ನಿಮ್ಮ ಬ್ಯಾರನ್ ಆರಿಹೋಗಿರುತ್ತೆ."

ಫ್ಯಾನೂ ಹೋಯಿತು, ಸ್ವರ್ಗವೂ ಹೋಯಿತು. ಆದರೆ ನಾನು ಅವ್ವನ ಮಾತು ಮೀರುವ ಮಗನಲ್ಲ.

"ಆಶೀರ್ವಾದ ಮಾಡಿ, ಸಾರ್" ಎಂದು ಬಗ್ಗಿದೆ. ಗಿರಾಕಿಯ ಎದುರಿಗೆ ಈ ಸಲ ಧಣಿ ಕಾಲು ಎಳೆದುಕೊಳ್ಳುವ ಹಾಗಿರಲಿಲ್ಲ. ನಾನು ಅವಸರ ಮಾಡಲಿಲ್ಲ. ಮೊಣಕಾಲಿನಿಂದ ಹಿಡಿದು ಪಾದದವರೆಗೆ ಪಂಚೆಯ ಮೇಲೆ ಎರಡೂ ಅಂಗೈ ಒತ್ತುತ್ತಾ ಇಳಿದೆ. ಒಂದು ಕಾಲು ಮುಗಿಸಿ ಇನ್ನೊಂದಕ್ಕೂ ಅಷ್ಟೇ ಭಕ್ತಿ ತೋರಿಸಿದೆ.

"ಎಂಥಾ ಒಳ್ಳೆ ಉಡುಗ ಕಣ್ರೀ" ಅಂದ ರೈತ.

ಧಣಿ ಬೇರೆ ದಾರಿ ಇಲ್ಲದೆ ನನ್ನ ತಲೆಯ ಮೇಲೆ ಕೈಯಿಟ್ಟು "ಒಳ್ಳೇದಾಗ್ಲಿ" ಅಂದ. ಆಮೇಲೆ ಕೆಳಗೆ ನೋಡಿಕೊಂಡ. ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಮೆಟ್ಟಿಲು ಇಳಿದಿದ್ದೆ. ಹಲ್ಲುಕಡ್ಡಿ ಕೆಳಕ್ಕೆ ಬಿದ್ದ ಸದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು.

ಊರಿಗೆ ಬಂದಾಗ ಅಪ್ಪ ಬ್ಯಾರನ್ ಮುಂದೆಯೇ ಇದ್ದ. "ಸಿಕ್ತೇನ್ಲಾ?"

"ಕೆಲ್ಸ ಸಿಕ್ನಿಲ್ಲ. ಆಶೀರ್ವಾದ ಸಿಕ್ತು."

ಅಪ್ಪ ಸೌದೆ ರಾಶಿಯ ಕಡೆ ಕೈ ತೋರಿಸಿದ. ಮೊದಲ ಕೊರಡನ್ನು ಬಾಮೈದ ಅಂದುಕೊಂಡು ಬೆಂಕಿಗೆ ತಳ್ಳಿದೆ. ಧಣಿಗೆ ಮಾತ್ರ ರಾಶಿಯೆಲ್ಲ ಹುಡುಕಿ, ಒಳ್ಳೆ ದಪ್ಪನೆಯದನ್ನೇ ಆರಿಸಿದೆ.